ಗೌಡರ ಓಣಿಯ ಗಾಳಿ

ಅಂಜುಮ್‌ಳ ಎದೆಯ ಮೇಲಿನ ಬ್ಯಾಡ್ಜ್ ಕಂಡಾಗಲೆಲ್ಲ ಪಂಚಶೀಲಾಳ ಹೊಟ್ಟೆಯಲ್ಲಿ ಕೆಂಡ ಬೀಳುತ್ತಿತ್ತು.

ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಪ್ಲಾಸ್ಟಿಕ್ಕಿನದು. ಹಾಕಿಕೊಂಡವರ ಮೈಗೆ ವಿಕಿರಣ ಎಷ್ಟು ತಗುಲಿತು ಎಂಬುದನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಕಳಿಸಿ ಓದಿಸುತ್ತಾರೆ. ಅಂಜುಮ್‌ಳ ಮೈಗೆ ಹಾಗೆ ಒಂದು ಲೆಕ್ಕವಿತ್ತು. ಪಂಚಶೀಲಾಳ ಮೈಗೆ ಇರಲಿಲ್ಲ. ಒಮ್ಮೆ ಬಾಯಿಬಿಟ್ಟು ಕೇಳಿದಳು. ಪ್ರಾಜೆಕ್ಟಿನ ಪ್ರೊಫೆಸರ್ ನಕ್ಕರು.

"ಗುತ್ತಿಗೆಯವರಿಗೆಲ್ಲ ಬರೋದಿಲ್ಲಮ್ಮ. ರಿಸರ್ಚ್ ಮಾಡೋರಿಗೆ ಮಾತ್ರ."

ಅವಳ ಗಂಡ ಮರಿಲಿಂಗನಿಗೂ ಬಂದಿರಲಿಲ್ಲ. ಹತ್ತು ವರ್ಷದ ಹಿಂದೆ ಕೆಂಪಗುಡ್ಡದಲ್ಲಿ ಯುರೇನಿಯಂ ಹುಡುಕಲು ಕೊರೆಯುವ ಯಂತ್ರಗಳು ಬಂದಿದ್ದವು. ಶಹಾಪುರದಿಂದ ಒಂದು ತಾಸಿನ ದಾರಿಯ ಆ ಊರಿನ ಕೇರಿಯ ಹುಡುಗರೆಲ್ಲ ಕೂಲಿಗೆ ಹೋದರು. ನೆಲದ ಹೊಟ್ಟೆಯಿಂದ ಎಳೆದ ಕಲ್ಲಿನ ಕೋಲುಗಳನ್ನು ಪೆಟ್ಟಿಗೆಗೆ ತುಂಬಿ ಹೆಗಲ ಮೇಲೆ ಹೊತ್ತು ಗುಡ್ಡ ಇಳಿಸುವುದು ಅವರ ಕೆಲಸ. ಸಾಹೇಬರ ಎದೆಯ ಮೇಲೆ ಬ್ಯಾಡ್ಜ್ ಇದ್ದವು. ಹೊರುವವರ ಎದೆಯ ಮೇಲೆ ಅಂಗಿಯ ಗುಂಡಿಯೂ ಇರಲಿಲ್ಲ. ಮರಿಲಿಂಗ ಎರಡು ವರ್ಷ ಹೊತ್ತ. ಮೂವತ್ತಕ್ಕೆ ಕಿಡ್ನಿ ಹೋದವು. ವಾರಕ್ಕೆರಡು ಸಲ ಕಲಬುರಗಿಗೆ ಓಡಾಡಿ ಓಡಾಡಿ ಸತ್ತ. ಕಲ್ಲಿನಿಂದಲೋ, ನೀರಿನಿಂದಲೋ, ಮತ್ತೊಂದರಿಂದಲೋ, ಯಾವ ಡಾಕ್ಟರೂ ಬರೆದುಕೊಡಲಿಲ್ಲ. ಬರೆಯಲು ಅವನ ಮೈಯ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ.

ಪಂಚಶೀಲಾ ಅಳಲಿಲ್ಲ. ಅಳು ಎಲ್ಲಿಯೋ ಒಣಗಿಹೋಗಿತ್ತು. ಉಳಿದದ್ದು ಹೊಟ್ಟೆಕಿಚ್ಚು ಒಂದೇ. ಅದಾದರೂ ಬೆಚ್ಚಗಿತ್ತು.

ಕಲಬುರಗಿಯಲ್ಲಿ ಇಬ್ಬರೂ ಒಂದೇ ಬೆಂಚಿನವರು. ಎಂಎಸ್ಸಿ ಭೌತಶಾಸ್ತ್ರದಲ್ಲಿ ಪಂಚಶೀಲಾಳಿಗೆ ನೂರಕ್ಕೆ ಎಪ್ಪತ್ತೊಂಬತ್ತು, ರಂಗಂಪೇಟೆಯ ಅಂಜುಮ್‌ಗೆ ಎಪ್ಪತ್ತೆರಡು. ಸಂಶೋಧನೆಯ ಹುದ್ದೆಗೆ ಇಬ್ಬರೂ ಅರ್ಜಿ ಹಾಕಿದ್ದರು. ಸಂದರ್ಶನದ ದಿನ ಮರಿಲಿಂಗ ಸತ್ತು ಮೂರನೆಯ ದಿನ. ಪಂಚಶೀಲಾಳಿಗೆ ಹೋಗಲಾಗಲಿಲ್ಲ. ಹುದ್ದೆ ಅಂಜುಮ್‌ಗೆ ಹೋಯಿತು. ಅದು ಸಾಲದೆಂಬಂತೆ ಅಂಜುಮ್ಮೇ ಪ್ರೊಫೆಸರರ ಕಾಲು ಹಿಡಿದು ಇವಳನ್ನು ಹನ್ನೊಂದು ತಿಂಗಳ ಗುತ್ತಿಗೆಯ ಸಹಾಯಕಿಯಾಗಿ ಸೇರಿಸಿದಳು. ಕಸಿದುಕೊಂಡವರನ್ನು ಬೈಯಬಹುದು. ಉಪಕಾರ ಮಾಡಿದವರನ್ನು ಏನು ಮಾಡುವುದು?

ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಅಂಜುಮ್‌ಳ ಫೋನು ಹೊಡೆದುಕೊಳ್ಳುತ್ತಿತ್ತು. ಗಂಡ ಇನಾಯತ. ಸುರಪುರದಲ್ಲಿ ಅವನದು ಟೈಲರ್ ಅಂಗಡಿ. ಉಂಡೆಯಾ ಎಂದು ಕೇಳುವುದಕ್ಕಷ್ಟೇ ಫೋನು. "ಹಾಂ ಜೀ, ಖಾ ಲೀ," ಉಂಡೆನೆಂದು ಹೇಳಿ ಅಂಜುಮ್ ಮುಖ ಆಚೆ ತಿರುಗಿಸಿ ಸಣ್ಣಗೆ ನಗುವಳು. ಆ ಹೊತ್ತಿಗೆ ಪಂಚಶೀಲಾ ರೊಟ್ಟಿ ಮುರಿಯುವ ಸದ್ದನ್ನು ಜೋರು ಮಾಡುವಳು.

ಕೆಂಪಗುಡ್ಡದ ಮನೆಗಳಲ್ಲಿ ವಿಕಿರಣ ಅಳೆಯುವುದು ಇವರ ಪ್ರಾಜೆಕ್ಟು. ಗೌಡರ ಓಣಿಯಲ್ಲಿ ಮೊದಲ ಅಳತೆ ಸಾಹೇಬಗೌಡರ ಮನೆಯದು. ಕೈಯಲ್ಲಿ ಹಿಡಿಯುವ ಮೀಟರನ್ನು ನೆಲದಿಂದ ಒಂದು ಮೀಟರ್ ಎತ್ತರದಲ್ಲಿಟ್ಟು ಅಂಕಿ ಓದಬೇಕು. ಗೌಡರ ತಾಯಿ ಬಸ್ಸಮ್ಮ ಬಾಗಿಲಿಗೆ ಬಂದಳು. ಕೆಟ್ಟ ಹೆಂಗಸಲ್ಲ. ಬಯ್ಯಲಿಲ್ಲ, ಮುಖ ಸಿಂಡರಿಸಲಿಲ್ಲ.

"ಬಾ ಬೇ ಸಾಬರ ಹುಡುಗಿ, ಪಡಸಾಲ್ಯಾಗ ಬಾ." ಆಮೇಲೆ ಇವಳ ಕಡೆ ನೋಡಿದಳು. "ನೀ ಬಾಲಿ ಸೊಸಿ ಅಲ್ಲ? ಅಲ್ಲೇ ಕಟ್ಟಿ ಮ್ಯಾಲ ಕುಂದ್ರು ಯವ್ವಾ. ನಿನಗೂ ಚಾ ಕಳಸ್ತೀನಿ."

ಅಂಜುಮ್ ಒಳಗಿಂದ ಅಂಕಿ ಕೂಗಿದಳು. ಪಂಚಶೀಲಾ ಹೊರಗೆ ಕುಳಿತು ಬರೆದುಕೊಂಡಳು.

"ನೂರಾ ಎಂಬತ್ತು. ಬರಕೊಂಡ್ಯಾ?"

"ಬರಕೊಂಡೆ."

"ನೂರಾ ತೊಂಬತ್ತಾರು. ಲೇ ಪಂಚಿ, ಕೇಳಿಸ್ತೇನ?"

"ಕಿವುಡಿ ಅಲ್ಲ ನಾ."

ಪ್ಲಾಸ್ಟಿಕ್ ಗ್ಲಾಸಿನಲ್ಲಿ ಚಹಾ ಬಂತು. ಅಂಜುಮ್‌ಗೆ ಒಳಗೆ ಪಿಂಗಾಣಿ ಕಪ್ಪಿನಲ್ಲಿ. ಹೊರಗೆ ಬಂದ ಮೇಲೆ ಅಂಜುಮ್ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು.

"ಅದಕ್ಕ ಹಿಡಿಕಿನೇ ಇಲ್ಲ ಲೇ! ನಮ್ಮ ಅಜ್ಜನ ಕಾಲದಾಗ ಸಾಬರಿಗಂತ ತಂದಿಟ್ಟಿದ್ದು ಕಾಣ್ತೈತಿ. ಗ್ವಾಡಿ ಮಾಡದಾಗಿಂದ ತಗದು, ಧೂಳ ಊದಿ ಕೊಟ್ಳು ಮುದುಕಿ."

ಪಂಚಶೀಲಾ ನಗಲಿಲ್ಲ. ಹಿಡಿಕೆ ಇಲ್ಲದಿದ್ದರೂ ಅದು ಕಪ್ಪು. ತೊಳೆದು ಮತ್ತೆ ಮಾಡದಲ್ಲಿಡುತ್ತಾರೆ. ತನ್ನ ಗ್ಲಾಸನ್ನು ತಾನೇ ತಿಪ್ಪೆಗೆ ಎಸೆದು ಬಂದಿದ್ದಳು. ಒಂದು ಬಾಗಿಲು. ಒಂದೇ ಒಂದು ಬಾಗಿಲು ಮುಂದಿದ್ದಳು ಅಂಜುಮ್. ಆ ಒಂದು ಬಾಗಿಲಿಗಾಗಿ ಪಂಚಶೀಲಾ ಅವಳನ್ನು ಗೌಡರಿಗಿಂತ ಹೆಚ್ಚು ದ್ವೇಷಿಸಿದಳು. ಗೌಡರ ಮೇಲೆ ಹೊಟ್ಟೆಕಿಚ್ಚು ಪಡಲು ಅವರು ಕೈಗೆಟುಕುವಷ್ಟು ಹತ್ತಿರ ಇರಲಿಲ್ಲ.

ಮುಂದಿನ ವಾರ ಡಬ್ಬಿ ಕಟ್ಟುವ ಕೆಲಸ. ಯುರೇನಿಯಂ ಇರುವ ನೆಲದಿಂದ ರೇಡಾನ್ ಎಂಬ ಗಾಳಿ ಏಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಬಯಲಿನಲ್ಲಿ ಹಾರಿಹೋಗುತ್ತದೆ. ಮುಚ್ಚಿದ ಕೋಣೆಯಲ್ಲಿ ನಿಲ್ಲುತ್ತದೆ, ಮಲಗಿದವರ ಎದೆಗೂಡಿಗೆ ಇಳಿಯುತ್ತದೆ. ಅದನ್ನು ಅಳೆಯಲು ಫಿಲ್ಮಿನ ಸಣ್ಣ ತುಂಡು ಇಟ್ಟ ಡಬ್ಬಿಯನ್ನು ಮೂರು ತಿಂಗಳು ಮಲಗುವ ಕೋಣೆಯಲ್ಲಿ ತೂಗುಬಿಡಬೇಕು. ಕೇರಿಯಲ್ಲಿ ಹನ್ನೆರಡು, ಗೌಡರ ಓಣಿಯಲ್ಲಿ ಹನ್ನೆರಡು. ಅದೇ ವಾರ ಅಂಜುಮ್ ನಾದಿನಿಯ ಮದುವೆಗೆ ಹೈದರಾಬಾದಿಗೆ ಹೋದಳು. ಪಂಚಶೀಲಾ ಒಬ್ಬಳೇ ಚೀಲ ಹೊತ್ತು ನಡೆದಳು.

ಕೇರಿಯಲ್ಲಿ ಅರ್ಧ ದಿನ ಸಾಕಾಯಿತು. ತಮ್ಮ ಮನೆಯಲ್ಲಿ ಮರಿಲಿಂಗ ಮಲಗುತ್ತಿದ್ದ ಮೂಲೆಯ ಮೇಲೆ ಕಟ್ಟಿದಳು. ಅತ್ತೆ ಬಾಲಮ್ಮ ಸುಮ್ಮನೆ ನೋಡಿದಳು. "ಅವ ಇದ್ದಾಗ ಕಟ್ಟಬೇಕಿತ್ತು," ಎಂದಷ್ಟೇ ಅಂದಳು.

ಗೌಡರ ಓಣಿಯಲ್ಲಿ ಹನ್ನೆರಡು ಬಾಗಿಲು. ಹನ್ನೆರಡರಲ್ಲೂ ಒಂದೇ ಮಾತು.

"ಮಲಗೋ ಕೋಣಿಯಾಗ ಕಟ್ಟಬೇಕ್ರಿ."

"ಅಲ್ಲೇ ಕಟ್ಟಿ ಮ್ಯಾಲ ಕಟ್ಟು. ಗಾಳಿ ಎಲ್ಲಿದ್ರೂ ಗಾಳಿನೇ."

"ಹಂಗಾದ್ರ ನೀವೇ ಒಳಗ ಕಟ್ಟಿಕೊಳ್ರಿ."

"ನೀ ಹಿಡದಿದ್ದು ದೇವರ ಮನಿ ದಾಟಿ ಹೆಂಗ ಒಯ್ಯೂದು? ನೀನೇ ಹೇಳು."

ಒಬ್ಬಳು ಡಬ್ಬಿಯನ್ನು ಕೆಳಗಿಡಿಸಿ ನೀರು ಚಿಮುಕಿಸಿದಳು. ಆದರೂ ಒಳಗೊಯ್ಯಲಿಲ್ಲ. ಒಂದು ಮನೆಯಲ್ಲಿ ದೃಷ್ಟಿಗೆಂದು ಕಟ್ಟಿದ ನಿಂಬೆಹಣ್ಣು, ಮೆಣಸಿನಕಾಯಿಯ ಪಕ್ಕದಲ್ಲೇ ಜಾಗ ತೋರಿಸಿದರು. ಬಸ್ಸಮ್ಮ ತಾನೇ ಮೊಳೆ ತಂದು ಕಟ್ಟೆಯ ಕಂಬದ ಬುಡಕ್ಕೆ ಉರುಳಿಸಿದಳು. ಸಂಜೆಯ ಹೊತ್ತಿಗೆ ಹನ್ನೆರಡು ಡಬ್ಬಿಗಳು ಹನ್ನೆರಡು ಕಟ್ಟೆಗಳ ಮೇಲೆ ಬಯಲ ಗಾಳಿಗೆ ತೂಗಾಡುತ್ತಿದ್ದವು.

ಪ್ರತಿ ಡಬ್ಬಿಗೂ ಒಂದು ಹಾಳೆ. 'ತೂಗುಹಾಕಿದ ಸ್ಥಳ' ಎಂದು ಕೇಳಿತ್ತು. 'ಹೊರಗೆ' ಎಂದು ಬರೆಯಲು ಪೆನ್ನು ಎತ್ತಿದಳು. ಹೈದರಾಬಾದಿನಿಂದ ಬಂದ ಮೇಲೆ ಅಂಜುಮ್ ಇದನ್ನು ಓದುತ್ತಾಳೆ. ಓದಿ ತುಟಿ ಕಚ್ಚುತ್ತಾಳೆ. "ಅಯ್ಯ ಪಂಚಿ, ನಾ ಇದ್ದಿದ್ರ ಪಡಸಾಲ್ಯಾಗಾದ್ರೂ ಕಟ್ತಿದ್ದೆ," ಅನ್ನುತ್ತಾಳೆ. ಆ ಕನಿಕರ ಬೇಡ. ಗೌಡರು ಬಾಗಿಲಲ್ಲಿ ನಿಲ್ಲಿಸಿದ್ದನ್ನು ತಡೆದುಕೊಳ್ಳಬಹುದು. ಅಂಜುಮ್‌ಗೆ ಅದು ತಿಳಿಯುವುದನ್ನು ತಡೆದುಕೊಳ್ಳಲಾಗದು.

'ಮಲಗುವ ಕೋಣೆ' ಎಂದು ಬರೆದಳು. ಹನ್ನೆರಡು ಸಲ ಬರೆದಳು.

ಅಲ್ಲಿಂದಾಚೆ ಅಂಜುಮ್‌ಗೆ ಆ ಓಣಿಯಲ್ಲಿ ಕೆಲಸ ಬೀಳಲಿಲ್ಲ. ಮೂರು ತಿಂಗಳಾದ ಮೇಲೆ ಅವಳು ಬರುವ ಬಸ್ಸಿಗಿಂತ ಮೊದಲೇ ಪಂಚಶೀಲಾ ಹೋಗಿ ಅಷ್ಟನ್ನೂ ಬಿಚ್ಚಿಕೊಂಡು ಬಂದಳು.

ಫಲಿತಾಂಶ ಹೇಳಲು ಪ್ರೊಫೆಸರ್ ತಾವೇ ಊರಿಗೆ ಬಂದರು. ತಾಲೂಕಿನ ಅಧಿಕಾರಿಯೊಬ್ಬರು ಜೊತೆಗಿದ್ದರು. ಅವರು ಬಂದದ್ದಕ್ಕೆ ಕಾರಣವಿತ್ತು. ಕೊರೆಯುವವರು ಬಿಟ್ಟುಹೋದ ಗುಂಡಿಗಳಲ್ಲಿ ಒಂದಕ್ಕೆ ಪಂಚಾಯ್ತಿಯವರು ಕೈಪಂಪು ಕೂರಿಸಿ ಕೇರಿಗೆ ಕೊಟ್ಟಿದ್ದರು. ಎಂಟು ವರ್ಷದಿಂದ ಕೇರಿ ಕುಡಿಯುವುದು ಅದೇ ನೀರು. ಗೌಡರ ಓಣಿಗೆ ಟ್ಯಾಂಕು, ನಲ್ಲಿ. ಗುಂಡಿಗಳನ್ನು ಮುಚ್ಚಿ, ಟ್ಯಾಂಕಿನ ಪೈಪು ಕೇರಿಗೆ ತನ್ನಿ ಎಂದು ಕೇರಿಯವರು ಅರ್ಜಿ ಕೊಟ್ಟೂ ಕೊಟ್ಟೂ ಸೋತಿದ್ದರು. ಪೈಪಿನ ಮಾತು ಬಂದರೆ ಗೌಡರ ಓಣಿಯಲ್ಲಿ ಕೋಲು ಹೊರಬರುತ್ತಿತ್ತು. ವರದಿ ಬರಲಿ, ಅದರಂತೆ ಮಾಡೋಣ ಎಂದು ತಾಲೂಕಿನವರು ಹೇಳಿದ್ದರು. ಆ ವರದಿ ಇದೇ.

ಶಾಲೆಯ ಅಂಗಳದಲ್ಲಿ ಮೇಲಿನವರು ಕುರ್ಚಿಯ ಮೇಲೆ ಕುಳಿತರು. ಕೇರಿಯವರು ನೆಲದ ಮೇಲೆ. ಪಂಚಶೀಲಾ ಹಾಳೆಗಳ ಕಟ್ಟು ಹಿಡಿದು ಕಂಬದ ಪಕ್ಕ ನಿಂತಳು.

"ಊರಿನ ನೆಲ ಒಂದೇ, ಗುಡ್ಡ ಒಂದೇ," ಎಂದರು ಪ್ರೊಫೆಸರ್. "ಮೇಲಿನ ಓಣಿಯ ಮನೆಗಳಲ್ಲಿ ರೇಡಾನ್ ಸರಾಸರಿ ನಲವತ್ತು. ಕೇರಿಯ ಮನೆಗಳಲ್ಲಿ ಮುನ್ನೂರ ಹತ್ತು. ಒಂದೇ ನೆಲ, ಎರಡು ಅಂಕಿ. ಅಂದರೆ ದೋಷ ನೆಲದಲ್ಲಿಲ್ಲ, ಹಳೆಯ ಗುಂಡಿಗಳಲ್ಲೂ ಇಲ್ಲ. ನೀವು ಮನೆ ಕಟ್ಟುವ ರೀತಿಯಲ್ಲಿದೆ, ಬದುಕುವ ರೀತಿಯಲ್ಲಿದೆ. ಗಾಳಿ ಆಡಬೇಕು. ಕಿಟಕಿ ತೆಗೆದು ಮಲಗಿ."

ಬಾಲಮ್ಮ ಕುಳಿತಲ್ಲಿಂದಲೇ ಕೇಳಿದಳು. "ಕಿಟಕಿ ಇದ್ರ ತಗೀತಿದ್ವಿರಿ ಸಾಹೇಬ್ರ. ಗ್ವಾಡಿಗಿ ಹೇಳಿ ನೋಡೂನೇನು?"

ಕೇರಿಯವರು ನಕ್ಕರು. ಬಾಲಮ್ಮ ನಗಲಿಲ್ಲ.

"ಮತ್ತ ನೀರಿಂದು?"

"ಈ ಪ್ರಾಜೆಕ್ಟ್ ಗಾಳಿಯದು ಮಾತ್ರ. ನೀರಿನದು ಬೇರೆ ಪ್ರಾಜೆಕ್ಟ್."

"ಅದರ ಮನಿ ಎಲ್ಲೈತಿ ಹೇಳ್ರಿ. ಕೊಡ ತಗೊಂಡು ಹೋಗ್ತೀವಿ."

ಸಾಹೇಬಗೌಡ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ಸಾಕು ಕುಂದ್ರಬೇ ಬಾಲಿ. ಓದಿದವ್ರು ಹೇಳಾಕತ್ತಾರ. ಮೊದಲ ಮನಿ ಸುದ್ದ ಇಟ್ಕೋರಿ. ಎಲ್ಲಾದಕ್ಕೂ ಗುಡ್ಡದ ಮ್ಯಾಲ ಹಾಕ್ತೀರಿ. ನಿನ್ನ ಮಗ ಮರ್ಯಾ ಏನು ಸುಮ್ಮಕ ಸತ್ತಾನ? ಕುಡದು ಕಿಡ್ನಿ ಸುಟ್ಕೊಂಡಾನ."

ಮರಿಲಿಂಗ ಕುಡಿದದ್ದು ಆ ಪಂಪಿನ ನೀರು ಮಾತ್ರ. ಪಂಚಶೀಲಾ ತಲೆಯೆತ್ತಿದಳು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದಿದ್ದರು. ಎದುರು ಸಾಲಿನಲ್ಲಿ ಅಂಜುಮ್ ಕಾಲಿನ ಮೇಲೆ ಕಾಲು ಹಾಕಿ ಕುಳಿತಿದ್ದಳು. ವರದಿಯ ಮೇಲೆ ಪ್ರೊಫೆಸರರ ಹೆಸರಿನ ಕೆಳಗೆ ಅವಳ ಹೆಸರು ಅಚ್ಚಾಗಿತ್ತು. ಮೊದಲು ಕಣ್ಣಿಗೆ ಬಿದ್ದದ್ದು ಅದೇ. ಗಂಡನ ಹೆಸರಿಗೆ ಮಸಿ ಬಳಿದದ್ದಕ್ಕಿಂತ ಮೊದಲು, ಅಚ್ಚಾದ ಆ ಹೆಸರು.

"ಅಂಕಿ ತಪ್ಪೈತಿ," ಎಂದಳು ಪಂಚಶೀಲಾ.

ಪ್ರೊಫೆಸರ್ ತಿರುಗಿದರು. "ಏನಮ್ಮ?"

"ಗೌಡ್ರ ಓಣಿದು ಹನ್ನೆರಡೂ ಡಬ್ಬಿ ಹೊರಗ ಇದ್ದುವ್ರಿ. ಕಟ್ಟಿ ಮ್ಯಾಲ, ಬಯಲ ಗಾಳಿಗಿ. ನಲವತ್ತು ಅಂದ್ರ ಅದು ಬಯಲಿಂದು. ಮನಿದಲ್ಲ."

"ಹಾಳೆಯಲ್ಲಿ ಮಲಗುವ ಕೋಣೆ ಅಂತ ಇದೆ."

"ಹಂಗ ಬರದಾಕಿ ನಾನೇ. ಅದು ಸುಳ್ಳು."

"ಯಾಕೆ ಬರೆದೆ?"

"ನಾಚಿಕಿ ಬಂತ್ರಿ. ಎಂಎಸ್ಸಿ ಓದೀನಿ. ಹನ್ನೆರಡು ಮನಿಯಾಗ ಒಬ್ರೂ ಹೊಸ್ತಿಲ ದಾಟಿಸಲಿಲ್ಲ. ಹಂಗಂತ ಬರೀಲಿಕ್ಕಿ ಕೈ ಬರಲಿಲ್ಲ."

ಸಾಹೇಬಗೌಡ ನೆಟ್ಟಗೆ ಕುಳಿತ.

"ಹಂಗಾದ್ರ ನಮ್ಮ ಮನ್ಯಾಗ ಎಷ್ಟೈತಿ?"

"ಗೊತ್ತಿಲ್ಲ. ನೀವು ನನ್ನ ಒಳಗ ಬಿಟ್ಟಿಲ್ಲ."

"ಅಂದಾಜು?"

"ಮುನ್ನೂರು ಇರಬಹುದು. ಐನೂರೂ ಇರಬಹುದು. ನೆಲ ಒಂದೇ ಅಂತ ಸರ್ ಈಗ ಹೇಳ್ಯಾರ."

ಅವನ ಮುಖದಲ್ಲಿ ಭಯ ಇಳಿಯುವುದನ್ನು ಪಂಚಶೀಲಾ ಕಣ್ಣು ತುಂಬ ನೋಡಿದಳು. ಒಳಗೆ ಕುರೂಪದ ಒಂದು ಸಂತೋಷ ಎದ್ದಿತು. ಅದನ್ನು ಅವಳು ಮುಚ್ಚಿಡಲಿಲ್ಲ.

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. ಈ ವರದಿಯನ್ನು ತಾವು ತೆಗೆದುಕೊಳ್ಳುವುದಿಲ್ಲ, ಮತ್ತೆ ಅಳೆಯಿರಿ, ಕೇರಿಯ ಅರ್ಜಿ ಅಲ್ಲಿಯವರೆಗೆ ಹಾಗೇ ಇರಲಿ ಎಂದು ಜೀಪು ಹತ್ತಿದರು. ಪ್ರೊಫೆಸರ್ ಹಾಳೆಗಳ ಕಟ್ಟನ್ನು ಅವಳ ಕೈಯಿಂದ ಕಿತ್ತುಕೊಂಡರು. "ನಾಳೆಯಿಂದ ಬರಬೇಡ," ಎಂದರು.

ಜನ ಕರಗಿದ ಮೇಲೆ ಬಸ್ಸಮ್ಮ ಗೋಡೆಯ ಪಕ್ಕಕ್ಕೆ ಬಂದಳು. ಎರಡು ಮಾರು ದೂರ ನಿಂತು ದನಿ ತಗ್ಗಿಸಿದಳು.

"ಯವ್ವಾ, ಒಳಗಿನ ಕೋಣ್ಯಾಗ ಸೊಸಿ ಬಾಣಂತಿ ಅದಾಳ. ಕೂಸಿಗಿ ಇಪ್ಪತ್ತು ದಿನ. ನಿನ್ನ ಹತ್ರ ಇನ್ನೊಂದು ಡಬ್ಬಿ ಇದ್ರ ಬಂದು ಕಟ್ಟು. ಹಿತ್ತಲ ಬಾಗಲ ತಗದಿರ್ತೀನಿ. ತಲಿ ಮ್ಯಾಲ ಒಂದು ತಂಬಿಗಿ ನೀರು ಹಾಕ್ಕೊಂಡು ಬಾ, ಅಷ್ಟಽ."

ಕೂಸು ಎಂಬ ಮಾತು ಪಂಚಶೀಲಾಳಿಗೆ ತಾಗಿತು. ಅವಳಿಗೆ ಕೂಸು ಇರಲಿಲ್ಲ. ಮರಿಲಿಂಗ ಅಷ್ಟು ದಿನ ಉಳಿಯಲಿಲ್ಲ.

"ಕೂಸಿನ್ನ ಎತ್ತಿಕೊಂಡು ಪಡಸಾಲ್ಯಾಗ ಮಲಗಸ್ರಿ. ಬಾಗಲ ತಗದಿಡ್ರಿ. ಅದು ಇವತ್ತಿಂದಲೇ ಮಾಡ್ರಿ," ಎಂದಳು. "ಡಬ್ಬಿ ಕಟ್ಟೂದಕ್ಕ ಮುಂದಿನ ಬಾಗಲದಿಂದ ಕರೀರಿ. ಹಗಲ ಹೊತ್ತಿನ್ಯಾಗ, ಓಣಿ ನೋಡೂ ಹಂಗ. ಹಿತ್ತಲದಿಂದ ನಾ ಬರಂಗಿಲ್ಲ."

"ಅದು ಆಗೂ ಮಾತಲ್ಲ."

"ಹಂಗಾದ್ರ ನಿಮ್ಮ ಗಾಳಿ ನಿಮಗೇ ಇರ್ಲಿ ಅಮ್ಮಾರ."

ಅಂಜುಮ್ ಶಾಲೆಯ ಹಿಂದೆ ಕಾಯುತ್ತಿದ್ದಳು. ಕಣ್ಣು ಕೆಂಪಾಗಿದ್ದವು.

"ಎರಡು ವರ್ಷದ ಕೆಲಸ, ಪಂಚಿ! ಅಷ್ಟು ಮಂದಿ ಮುಂದ? ನನಗೊಬ್ಬಾಕಿಗಿ ಮೊದಲ ಹೇಳಾಕ ಆಗ್ತಿರಲಿಲ್ಲ?"

"ನಿನಗ ಗೊತ್ತಾಗಬಾರದು ಅಂತನೇ ಸುಳ್ಳು ಬರದಿದ್ದೆ."

"ನಾ ಏನ್ ಮಾಡಿನಿ ನಿನಗ? ಕೆಲಸ ಕೊಡಿಸಿದ್ದು ತಪ್ಪಾ? ಹೊಟ್ಟೆಕಿಚ್ಚು ನಿನಗ. ಮತ್ತೇನಿಲ್ಲ."

"ಹೌದು, ಹೊಟ್ಟೆಕಿಚ್ಚೇ," ಎಂದಳು ಪಂಚಶೀಲಾ. "ನಿನ್ನ ಹುದ್ದಿ ಮ್ಯಾಲ ಐತಿ. ಬ್ಯಾಡ್ಜಿನ ಮ್ಯಾಲ ಐತಿ. ಒಂದು ಗಂಟೆಕ್ಕ ಬರೂ ಫೋನಿನ ಮ್ಯಾಲ ಐತಿ. ಆ ಮುದುಕಿ ಕೊಟ್ಟ ಕಪ್ಪಿನ ಮ್ಯಾಲನೂ ಐತಿ."

"ಆ ಹಿಡಿಕಿ ಇಲ್ಲದ್ದು?"

"ಅದೇ."

ಅಂಜುಮ್ ಚೀಲ ಹೆಗಲಿಗೆ ಹಾಕಿಕೊಂಡಳು. ಆಮೇಲೆ ಬಸ್ಸಿಗೆ ಹೋದಳು. ಪಂಚಶೀಲಾ ಹಗುರಾದಳೇ? ಇಲ್ಲ. ಹೇಳಿದರೆ ಆರುವ ಕಿಚ್ಚಲ್ಲ ಅದು.

ಮರುದಿನದಿಂದ ಅತ್ತೆಯ ಜೊತೆ ಹತ್ತಿ ಬಿಡಿಸಲು ಹೋದಳು. ಒಣಗಿದ ಕಾಯಿಯ ಚುಂಚು ಬೆರಳ ಸಂದಿಗೆ ಚುಚ್ಚಿ ರಕ್ತ ಬಂತು. ಸೊಂಟ ಸೆಟೆಯಿತು. ಬಾಲಮ್ಮ ಒಂದು ಮಾತೂ ಬಯ್ಯಲಿಲ್ಲ. "ಕೆಲಸ ಹೋತು, ಹೋಗ್ಲಿ. ಕೈ ಬಿರುಸಾಗ್ತಾವ, ತಡಿ," ಎಂದಳು. ಕೇರಿಯ ಕೆಲವರು ಮಾತ್ರ ಪಂಪಿನ ಬಳಿ ಗೊಣಗಿದರು. ಅರ್ಜಿ ಮತ್ತೆ ಮೂಲೆಗೆ ಬಿತ್ತಲ್ಲ ಎಂದು. ಅವರು ಗೊಣಗಿದ್ದು ಸರಿಯಾಗಿಯೇ ಇತ್ತು.

ಐದನೆಯ ದಿನ ಸಂಜೆ ಅಂಜುಮ್ ಕೇರಿಗೆ ಬಂದಳು. ಕೇಳದೆ ಒಳಗೆ ಬಂದು ಚಾಪೆಯ ಮೇಲೆ ಕುಳಿತಳು. ಬಾಲಮ್ಮ ಕೊಟ್ಟ ನೀರಿನ ತಂಬಿಗೆಯನ್ನು ಹಿಡಿದುಕೊಂಡು ಒಂದು ಕ್ಷಣ ಅದರೊಳಗೆ ನೋಡಿದಳು. ಯಾವ ಪಂಪಿನ ನೀರು ಎಂದು ಅವಳಿಗೆ ಗೊತ್ತಿತ್ತು. ಕುಡಿಯದೆ ಕೆಳಗಿಟ್ಟಳು. ಬಾಲಮ್ಮ ಅದನ್ನು ನೋಡಿ ತಲೆ ಆಡಿಸಿದಳು.

"ಬ್ಯಾಡ ಬಿಡವ್ವಾ. ಕುಡೀದಿದ್ರ ಛಲೋನೇ ಆತು."

ಅಂಜುಮ್ ಚೀಲದಿಂದ ಹನ್ನೆರಡು ಹಾಳೆ ತೆಗೆದಳು. ಎಲ್ಲದರಲ್ಲೂ 'ಮಲಗುವ ಕೋಣೆ' ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದು 'ಹೊರಗೆ, ಕಟ್ಟೆಯ ಮೇಲೆ' ಎಂದು ಬರೆದಿದ್ದಳು. ತನ್ನ ಕೈಯಾರೆ. ತನ್ನ ಎರಡು ವರ್ಷದ ಮೇಲೆ ತಾನೇ ಗೀಟು ಎಳೆದಿದ್ದಳು. ಪಂಚಶೀಲಾಳಿಗೆ ಮತ್ತೆ ಹೊಟ್ಟೆ ಉರಿಯಿತು. ಇದರಲ್ಲೂ ಇವಳೇ ಮುಂದೆ.

"ಸಹಿ ನಿಂದು ಬೇಕು," ಎಂದಳು ಅಂಜುಮ್. "ಸರ್ ಒಂದು ದಾರಿ ಹೇಳ್ಯಾರ. ಕಡೀಗಿ ಕಾರಣ ಅಂತ ಒಂದು ಕಾಲಂ ಐತಿ ನೋಡು. ಅಲ್ಲಿ ತಾಂತ್ರಿಕ ಕಾರಣ ಅಂತ ಬರದು ಸಹಿ ಮಾಡಿದ್ರ ನಿನ್ನ ಮತ್ತ ತಗೋತಾರ. ಹೊಸ ಡಬ್ಬಿ ಬರ್ತಾವ. ಅಳತಿ ಮತ್ತ ಮೊದಲಿಂದ."

"ಗೌಡ್ರ ಓಣ್ಯಾಗ ಯಾರು ಕಟ್ತಾರ?"

ಅಂಜುಮ್ ಕತ್ತು ತಗ್ಗಿಸಿದಳು. "ನಾ ಕಟ್ಟಲಿ ಅಂತಾರ."

ಪಂಚಶೀಲಾ ಪೆನ್ನು ತೆಗೆದುಕೊಂಡಳು. ಹತ್ತಿಯ ಕಾಯಿ ಗೀರಿದ ಬೆರಳು ನೋಯುತ್ತಿತ್ತು. ಮೊದಲ ಹಾಳೆಯ ಕಾರಣದ ಕಾಲಮಿನಲ್ಲಿ ನಿಧಾನವಾಗಿ, ದುಂಡಗೆ ಬರೆದಳು: 'ಅಳೆಯಲು ಹೋದವಳು ಹೊಲೆಯರವಳು. ಮನೆಯವರು ಒಳಗೆ ಬಿಡಲಿಲ್ಲ.' ಕೆಳಗೆ ಸಹಿ ಹಾಕಿದಳು.

ಅಂಜುಮ್ ಓದಿದಳು.

"ಹಿಂಗ ಬರದ್ರ ಕೆಲಸ ಸಿಗಂಗಿಲ್ಲ ಪಂಚಿ. ತಾಂತ್ರಿಕ ಕಾರಣ ಬೇಕು ಅಂದಾರ ಅವರು."

"ಇದಽ ತಾಂತ್ರಿಕ ಕಾರಣ."

ಪಂಚಶೀಲಾ ಎರಡನೆಯ ಹಾಳೆಯನ್ನು ಎಳೆದುಕೊಂಡಳು. ಇನ್ನೂ ಹನ್ನೊಂದು ಮನೆಗಳಿದ್ದವು.